ಟವೆಲ್ಲಿನಡಿಯ ಕೈ

ಪೊಳ್ಳಾಚಿ
ಮಾರ್ಚ್ ೧೨, ಮಂಗಳವಾರ ಸಂಜೆ

ಪ್ರೀತಿಯ ಪಾವಾಯಿ,

ನಿನ್ನ ಮಂಡಿನೋವು ಹೇಗಿದೆ? ಕಾಂಗೇಯದ ಬಿಸಿಲು ಮಂಡಿಗೆ ಒಳ್ಳೆಯದೆಂದು ನಿನ್ನ ಅಣ್ಣ ಹೇಳಿದ್ದ; ಅವನ ಮನೆಯಲ್ಲಿ ಹಿಟ್ಟು ರುಬ್ಬುವವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಫೋನು ಮಾಡಿದರೆ ಮೊದಲು ಅವನೇ ಎತ್ತಿಕೊಂಡು ನನಗೆ ಬುದ್ಧಿ ಹೇಳಲು ಕೂರುತ್ತಾನೆ, ಅದಕ್ಕೇ ಈ ಕಾಗದ. ಪೆನ್ನು ಹಿಡಿಯಲು ಮೂರು ಬೆರಳು ಸಾಕು. ದೇವರು ಅಷ್ಟನ್ನು ಲೆಕ್ಕ ನೋಡಿಯೇ ಉಳಿಸಿದ್ದಾನೆ.

ಇವತ್ತು ದನದ ಸಂತೆಗೆ ಹೋಗಿದ್ದೆ. ಹೌದು, ನಾನೇ. ಆ ಎತ್ತು ಹಗ್ಗದ ಜೊತೆ ನನ್ನ ಬಲಗೈಯ ಎರಡು ಬೆರಳನ್ನೂ ಕಿತ್ತುಕೊಂಡು ಓಡಿದ ಮೇಲೆ ಒಂದೇ ಒಂದು ಸಲ ಸಂತೆಗೆ ಹೋಗಿ, ಮಧ್ಯಾಹ್ನದೊಳಗೆ ಮನೆಗೆ ಬಂದು ಜಗಲಿಯ ಮೇಲೆ ಕೂತವನು ನಾನು. ಆಮೇಲೆ ಎದ್ದದ್ದು ಊಟಕ್ಕೆ ಮತ್ತು ಜಗಳಕ್ಕೆ. ನೀನು ಪಟ್ಟ ಪಾಡು ನನಗೆ ಗೊತ್ತಿಲ್ಲವೆಂದಲ್ಲ. ನಾನು ಏಳಲೆಂದು ಹರಕೆ ಹೊತ್ತು ನೀನು ಆನೆಮಲೆಗೆ ಹೋಗಿ ಮಾಸಾಣಿ ಅಮ್ಮನ ಕಲ್ಲಿಗೆ ಮೆಣಸಿನಕಾಯಿ ಅರೆದು ಹಚ್ಚಿ ಬಂದೆ; ಉರಿ ಹತ್ತಿದ್ದು ನಿನ್ನ ಕೈಗೆ. ನಿನ್ನ ಅಣ್ಣನ ಮಗ ಫೋನಿನಲ್ಲಿ ಯಾರೋ ಕೋಟು ಹಾಕಿದವನನ್ನು ತೋರಿಸಿದ. ನಿನ್ನೊಳಗಿನ ಸಿಂಹವನ್ನು ಎಬ್ಬಿಸು ಎಂದು ಅವನು ಕೂಗುತ್ತಿದ್ದ, ನನಗೆ ಸೊಗಸಾದ ನಿದ್ದೆ ಹತ್ತಿತು. ಮಾತು ಮಾರಿ ಮನೆ ಕಟ್ಟಿದ ದಲ್ಲಾಳಿಗೆ ಇನ್ನೊಬ್ಬ ಮಾತು ಮಾರಲು ಬಂದರೆ ಕೊಳ್ಳುತ್ತಾನೆಯೇ? ಕೊನೆಗೆ ನೀನು ಚೀಲ ಹೆಗಲಿಗೇರಿಸಿ, “ನಿಮಗೆ ಬಡಿಸೋದೂ ಒಂದೇ, ಕಲ್ಲಿಗೆ ಎಡೆ ಇಡೋದೂ ಒಂದೇ ಮಾಮಾ. ಕಲ್ಲಾದ್ರೆ ಸಾರಿಗೆ ಉಪ್ಪಿಲ್ಲ ಅನ್ನಲ್ಲ” ಎಂದು ಹೇಳಿ ತವರಿನ ಬಸ್ಸು ಹತ್ತಿದೆ. ಆಗಲೂ ನಾನು ಏಳಲಿಲ್ಲ.

ಎಬ್ಬಿಸಿದವನು ವೇಲುಸಾಮಿ. ನನ್ನ ಹಿಂದೆ ತಿರುಗಿ ದಲ್ಲಾಳಿ ಕೆಲಸ ಕಲಿತವನು, ಹೋದ ವಾರ ರೋಗಿಯನ್ನು ನೋಡಲು ಬಂದವನಂತೆ ಬಾಳೆಹಣ್ಣು ಹಿಡಿದು ಬಂದ. “ಅಣ್ಣಾ, ಸಂತೇಲಿ ಹುಣಸೆಮರದ ಕೆಳಗೆ ನಿಮ್ಮ ಜಾಗ ಸುಮ್ನೆ ಖಾಲಿ ಬಿದ್ದಿದೆ. ನಾಯಿ ಮಲಗುತ್ತೆ. ಅದರ ಬದಲು ನಾನು ನಿಲ್ತೀನಿ” ಎಂದ. ಅವನ ದನಿಯಲ್ಲಿ ಕೆಟ್ಟತನ ಚೂರೂ ಇರಲಿಲ್ಲ, ಅದೇ ಮೈ ಉರಿಸಿದ್ದು. ಒಳ್ಳೆಯ ಮಾತಿಗೆ ಅಲುಗದವನು ಹೊಟ್ಟೆಕಿಚ್ಚಿಗೆ ಎದ್ದೆ. ಕೋಟಿನವನಿಗೆ ಇದನ್ನು ತಿಳಿಸಬೇಕು.

ಇನ್ನು ನಿನಗೆ ಎಂದೂ ಹೇಳದ ಒಂದು ವಿಷಯ. ಟವೆಲ್ಲಿನಡಿ, ಬೇರೆಯವರಿಗೆ ಕಾಣದಂತೆ, ನಾವು ಎದುರಿನವನ ಬೆರಳು ಹಿಡಿದು ಬೆಲೆ ಹೇಳುವುದು ನಿನಗೆ ಗೊತ್ತು. ಹಿಡಿದ ಬೆರಳನ್ನು ಬಿಡದೆ, ಅಲುಗಿಸದೆ ಇಟ್ಟುಕೊಂಡರೆ, ನನ್ನದು ಇಷ್ಟೇ, ಇನ್ನು ನೀನು ಹೇಳು ಎಂದು ಅರ್ಥ. ಬೆರಳು ಹೋದ ಮೇಲೆ ಆ ಒಂದು ಸಲ ಸಂತೆಗೆ ಹೋದ ದಿನ ಪಾಲಕ್ಕಾಡಿನ ವ್ಯಾಪಾರಿ ಮೊಯ್ದೀನ್‌ಕುಟ್ಟಿ ನನ್ನ ಮೊಂಡುಗೈ ಹಿಡಿದವನು ಬಿಡಲೇ ಇಲ್ಲ. ಮೆತ್ತಗೆ ಹಿಡಿದೇ ಇದ್ದ. ಇಷ್ಟು ವರ್ಷ ಜೊತೆಗೆ ಚಹಾ ಕುಡಿದವನು ಕನಿಕರ ತೋರಿಸುತ್ತಿದ್ದಾನೆ ಎಂದುಕೊಂಡು ಕೈ ಕಿತ್ತುಕೊಂಡು ಮನೆಗೆ ಬಂದೆ.

ಇವತ್ತು ಅವನಿಗೆ ಎಡಗೈ ಚಾಚಿದೆ. ಮುದುಕ ಕೆಂಡವಾದ. “ಎಡಗೈ ಕೊಡ್ತೀಯೇನೋ ನಾಚಿಮುತ್ತು? ನಾನೇನು ನಿನ್ನ ಬಾಗಿಲಿಗೆ ಭಿಕ್ಷೆಗೆ ಬಂದವನಾ? ಬಲಗೈ ತೆಗಿ. ಬೆರಳಿಲ್ದಿದ್ರೇನು, ಬುಡ ಇದೆಯಲ್ಲ. ನಾನು ಬುಡ ಹಿಡಿದ್ರೆ ಬೆರಳು ಅಂತಲೇ ಲೆಕ್ಕ. ಹೋದ ವರ್ಷಾನೂ ಅದನ್ನೇ ಹಿಡ್ಕೊಂಡು ನಿನ್ನ ಬೆಲೆಗೆ ಕಾದೆ. ನೀನು ಎದ್ದು ನಡೆದ್ಬಿಟ್ಟೆ. ಅಷ್ಟು ಕಡಿಮೆಗೆ ಕೇಳಿದ್ನಾ ಅಂತ ನನಗೇ ನಾಚಿಕೆ ಆಯ್ತು ಕಣೋ.”

ಕೇಳಿದೆಯಾ ಪಾವಾಯಿ? ಅವನು ಬರೀ ಬೆಲೆ ಹಿಡಿದಿದ್ದ. ಕೈ ಓದಿಯೇ ಅನ್ನ ತಿಂದ ನಾನು ಆ ಒಂದು ಕೈಯನ್ನು ತಪ್ಪಾಗಿ ಓದಿ ಒಂದು ವರ್ಷ ಜಗಲಿ ಸವೆಸಿದೆ. ಕನಿಕರವೇ ಆಗಿದ್ದರೆ ಬೈಯಲು ಒಬ್ಬನಾದರೂ ಸಿಗುತ್ತಿದ್ದ.

ಒಂದು ಜೋಡಿ ಎತ್ತು ಮಾರಿಸಿದೆ. ಬುಡದ ಮೇಲೆ ಅವನ ಹೆಬ್ಬೆರಳು ಬಿದ್ದಾಗೆಲ್ಲ ಕಣ್ಣಲ್ಲಿ ನೀರು ಬಂತು, ಆ ಕಳ್ಳ ಅದನ್ನು ನೋಡಿಕೊಂಡೇ ಚೌಕಾಸಿ ಮಾಡಿದ. ಗೆದ್ದವನು ಅವನೇ. ಖುಷಿಯಾಯಿತೆಂದು ಬರೆದರೆ ನೀನು ನಂಬುವುದಿಲ್ಲ. ನಾನೇ ಮಾಡಿದ ಕೆಟ್ಟ ಸಾರನ್ನು ಎರಡು ಸಲ ಹಾಕಿಕೊಂಡು ಉಂಡೆ, ಅಷ್ಟೇ.

ನಿನ್ನ ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಎಣ್ಣೆ ತಿಕ್ಕಿಕೋ.

ನಿನ್ನ
ನಾಚಿಮುತ್ತು

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೆ. ವೇಲುಸಾಮಿ ಹೊರಡುವಾಗ, “ಪಾವಾಯಿ ಅತ್ತಿಗೇನ ಕೇಳ್ಕೊಂಡೇ ಬಂದೆ ಅಣ್ಣಾ. ‘ಅವರು ಇನ್ನು ಏಳಲ್ಲ, ಜಾಗ ನೀನೇ ತಗೋ’ ಅಂದ್ರು” ಎಂದ. ನನ್ನನ್ನು ಕೆಣಕಿ ಎಬ್ಬಿಸಲೆಂದು ಹಾಗೆ ಹೇಳಿ ಕಳಿಸಿದೆಯೋ, ಇಲ್ಲ ನಿಜವಾಗಿಯೇ ನನ್ನನ್ನು ಮುಗಿಸಿ ಕೈ ತೊಳೆದುಕೊಂಡಿದ್ದೆಯೋ, ಸಂತೆಯಿಂದ ಮನೆಯವರೆಗೂ ಯೋಚಿಸಿದರೂ ತಿಳಿಯಲಿಲ್ಲ. ಬಂದುಬಿಡು. ಯಾವುದು ನಿಜ ಎಂದು ಮಾತ್ರ ನನಗೆ ಹೇಳಬೇಡ.