ಒಂದು ತಾಸು ಹದಿನೈದು ನಿಮಿಷ

ಮುಲುಂಡ್, ಮುಂಬಯಿ
೧೮ ಫೆಬ್ರವರಿ ೨೦೨೫

ಪ್ರೀತಿಯ ಶೈಲಾ,

ನಿನ್ನ ಸೋದರಮಾವನ ಆಶೀರ್ವಾದ. ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಅವ್ವ ಹೋದ ಮನೆಯಲ್ಲಿ ಮಗಳು ಬಂದವರಿಗೆಲ್ಲ ಬಡಿಸುತ್ತ ತನ್ನ ತಾಟು ಮರೆಯುತ್ತಾಳೆ. ಈ ಎಂಟು ದಿನ ನಮ್ಮ ಮನೆಯಿಂದ ನಿನ್ನೊಂದಿಗೆ ಮಾತಾಡಿದ್ದು ನಿನ್ನ ಅತ್ತೆ ಮಹಾದೇವಿ. ನನಗೆ ಫೋನ್ ಹಿಡಿಯುವ ಮುಖ ಇರಲಿಲ್ಲ.

ನನ್ನ ಚಟ ನಿನಗೆ ಗೊತ್ತೇ ಇದೆ. ಮುಂಬಯಿಯಿಂದ ಬೆಳಗಾವಿಗೆ ವಿಮಾನ ಬೇಕೆಂದು ಪತ್ರಿಕೆಗಳಿಗೆ ಹದಿನೇಳು ಪತ್ರ ಬರೆದವ ನಾನು. ಆಕಾಶಮಾರ್ಗ ನಾನೂರು ಕಿಲೋಮೀಟರ್, ಒಂದು ತಾಸು ಹದಿನೈದು ನಿಮಿಷ, ಇಷ್ಟನ್ನೂ ಕೊಡಲಾಗದವರಿಗೆ ನಾಚಿಕೆಯಾಗಬೇಕು ಎಂದು ಬರೆದಿದ್ದೆ. ಅದನ್ನು ಓದಿಸಿ ಕೇಳಿ ನಿನ್ನವ್ವ ಕಾಶವ್ವಕ್ಕ, "ಹಂಗಾರ ನಾ ನಾಕು ರೊಟ್ಟಿ ಬಡಿಯೂದ್ರಾಗ ತಮ್ಮ ಮುರಿಗೆಪ್ಪ ಬಂದಬಿಡ್ತಾನ" ಎಂದು ನಕ್ಕಿದ್ದಳು.

ಅಕ್ಕ ಹೋದಳೆಂದು ನೀನು ಮುಂಜಾನೆ ಆರಕ್ಕೆ ತಿಳಿಸಿದಾಗ ನನ್ನ ಚೇತನ ಕಾರಿನ ಕೀಲಿ ಹಿಡಿದು ನಿಂತಿದ್ದ. "ಪಪ್ಪಾ, ಬೈ ರೋಡ್ ಹೋಗೂಣು, ಐದರೊಳಗ ಪಕ್ಕಾ." ನಾನೇ ಗದರಿದೆ. ಹನ್ನೊಂದಕ್ಕೆ ವಿಮಾನ, ಒಂದೂವರೆಗೆ ನಾನು ಅಂಗಳದಲ್ಲಿ, ಎರಡಕ್ಕೆ ಮಣ್ಣು ಮಾಡಿರಿ ಎಂದೆ. ತವರಿನ ಸೀರೆ ಹೊದಿಸದೆ ನಮ್ಮಲ್ಲಿ ಹೆಣ್ಣುಮಗಳನ್ನು ಎತ್ತುವುದಿಲ್ಲ. ಅವಳಿಗೆ ತವರೆಂದು ಉಳಿದವ ನಾನೊಬ್ಬನೇ. ಪಂಚಮಿ ಹಬ್ಬಕ್ಕೆ ಅವಳಿಗೆಂದು ತೆಗೆದಿಟ್ಟ ಇಳಕಲ್ ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಇಲ್ಲಿಯ ರಸ್ತೆ ಅಗೆದವರು ಮುಚ್ಚುವುದಿಲ್ಲ, ಮುಚ್ಚಿದ್ದನ್ನು ಮತ್ತೆ ಅಗೆಯುತ್ತಾರೆ. ಇರಲಿ, ಇವತ್ತು ಆ ಮಾತು ನನ್ನ ಬಾಯಲ್ಲಿ ಬೇಡ.

"ಮಾಮಾ, ಎಲ್ಲಿ ಬಂದ್ರಿ? ಹೊತ್ತು ಮುಳಗತೈತಿ ಅಂತ ಹಿರಿಯಾರು ಬೈಯಾಕತ್ತಾರ" ಎಂದು ನೀನು ಮೂರು ಸಲ ಕೇಳಿದೆ. ಮೂರು ಸಲವೂ ವಿಮಾನ ತಡ ಎಂದೆ. ಕಡೆಗೆ ನಿನ್ನ ಮದುವೆಗೆ ನಾನು ಉಡಿಸಿದ್ದ ಸೀರೆಯನ್ನೇ ತೆಗೆದು, "ಮಾಮಾ ಮೊದಲ ಕಳಿಸಿಟ್ಟಿದ್ದ" ಎಂದು ಮಂದಿಗೆ ಹೇಳಿ ಹೊದಿಸಿದೆಯಂತೆ. ನನ್ನ ಮಾನ ಮುಚ್ಚಲು ನೀನೂ ಸುಳ್ಳಾಡಬೇಕಾಯಿತು.

ಚೇತನ ಹುಟ್ಟುವಾಗ ನಾವು ಸಯನ್ನಿನ ಚಾಳಿನಲ್ಲಿದ್ದೆವು. ಅಕ್ಕ ಎಸ್‌ಟಿ ಬಸ್ಸಿನಲ್ಲಿ ಹದಿನೈದು ತಾಸು ಕೂತು, ಊದಿದ ಕಾಲಲ್ಲಿ ನನಗಿಂತ ಮೊದಲು ಆಸ್ಪತ್ರೆ ಮುಟ್ಟಿದ್ದಳು. ಎಷ್ಟು ದೂರ ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

ಅಳಿಯಂದಿರು ಸೋಮನಾಥರಿಗೆ ಶರಣು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ.

ನಿನ್ನ ಸೋದರಮಾವ,
ಮುರಿಗೆಪ್ಪ

ತಾ.ಕ.: ವಿಮಾನ ಕಂಪನಿಯ ಮೇಲೆ ದೂರು ಬರೆಯಲು ಸೋಮನಾಥರು ನನ್ನ ಟಿಕೆಟ್ ಕೇಳಿದ್ದಾರೆ. ಬರೆಯಬೇಡಿ ಅನ್ನು. ವಿಮಾನ ತಡವಾಗಲಿಲ್ಲ, ಹೇಳಿದ ಹೊತ್ತಿಗೇ ಹಾರಿತು. ಮನೆಯಿಂದ ವಿಮಾನ ನಿಲ್ದಾಣ ಮುಟ್ಟುವ ಹೊತ್ತನ್ನು ಆ ಹದಿನೇಳು ಪತ್ರಗಳಲ್ಲೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಂದೂ ಹಿಡಿಯಲಿಲ್ಲ. ನಾನು ಹೋದಾಗ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿತ್ತು. ಆಗಲೇ ನಿಜ ಹೇಳಿದ್ದರೆ ನೀವು ಬಿಸಿಲಲ್ಲಿ ಅವಳ ದೇಹವನ್ನು ಕೂರಿಸಿಕೊಂಡು ಕಾಯುತ್ತಿರಲಿಲ್ಲ. ನೀನು ಮೂರು ಸಲ ಫೋನ್ ಮಾಡಿದಾಗಲೂ ನಾನು ಮರಳಿ ಬಂದು ಮುಲುಂಡಿನ ಮನೆಯಲ್ಲೇ, ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಶುಕ್ರವಾರ ಬಸ್ಸಿಗೆ ಬರುತ್ತೇನೆ. ಕಾದವರನ್ನೆಲ್ಲ ಕರೆಸಿಡು, ಅವರ ಮುಂದೆ ಇದನ್ನು ನಾನೇ ಹೇಳಬೇಕು.