ಒಂದು ತೋಳು ಉದ್ದದ ಸ್ವೆಟರ್

ಅಮ್ಮಾ,

ಮೊಮ್ಮಗಳಿಗೆಂದು ಆಸ್ಪತ್ರೆಯ ಹಾಸಿಗೆಯಲ್ಲಿ ನೀನು ಕೊನೆಯದಾಗಿ ಹೆಣೆದ ಕೆಂಪು ಸ್ವೆಟರ್ ನೆನಪಿದೆಯಾ? ಒಂದು ತೋಳು ಉದ್ದವಾಯಿತೆಂದು ನಾನು ನಕ್ಕುಬಿಟ್ಟಿದ್ದೆ.

ಚರ್ಚಿನಲ್ಲಿ ಅನಾಥಾಶ್ರಮದ ಮಕ್ಕಳಿಗೆ ಬಟ್ಟೆ ಸೇರಿಸುತ್ತಿದ್ದೇವೆ. ಸಂಡೇ ಸ್ಕೂಲಿನಲ್ಲಿ ನಾನೇ ಹೇಳಿಕೊಟ್ಟಿದ್ದೆ: "ಬೇಡವಾಗಿದ್ದನ್ನಲ್ಲ, ನಿಮಗೆ ತುಂಬಾ ಇಷ್ಟವಾಗಿದ್ದನ್ನ ಕೊಡಿ." ನನ್ನ ಮಗಳು ಅದೇ ಸ್ವೆಟರ್ ತಂದು ಪೆಟ್ಟಿಗೆಗೆ ಹಾಕಿದಳು. ಎಲ್ಲರೂ ಹೋದ ಮೇಲೆ ನಾನು ಅದನ್ನು ಮೆಲ್ಲಗೆ ತೆಗೆದುಕೊಂಡು, ಅಂಗಡಿಯಿಂದ ತಂದ ಹೊಸದೊಂದನ್ನು ಇಟ್ಟೆ. ನೀನಿದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದೆ.

ಇವತ್ತು ಊಟಕ್ಕೆ ಮುಂಚೆ ಅವಳು ಕಣ್ಣುಮುಚ್ಚಿ ಪ್ರಾರ್ಥಿಸಿದಳು: "ಯೇಸಪ್ಪಾ, ಅಜ್ಜಿ ಸ್ವೆಟರ್ ಸಿಕ್ಕಿರೋ ಪಾಪುಗೂ ಒಂದು ಕೈ ಸ್ವಲ್ಪ ಉದ್ದ ಇರ್ಲಿ."

ಸ್ವೆಟರ್ ನನ್ನ ಬೀರುವಿನಲ್ಲೇ ಇದೆ, ಅಮ್ಮಾ. ಅವಳ ಜೊತೆ ನಾನೂ ಆಮೆನ್ ಅಂದೆ.