ಗೆಳತಿಯ ಅಪ್ಪನನ್ನು ಗೆಳತಿಗೆ ಮರಳಿಸಿ

ಮಾನ್ಯರೇ,

ನಮ್ಮ ವಸತಿ ಶಾಲೆಯಲ್ಲಿ ವಿಶ್ವವಿದ್ಯಾಲಯ ಪ್ರವೇಶದ ತಯಾರಿಯನ್ನು ನೋಡಿಕೊಳ್ಳುವ ಅಧಿಕಾರಿಗಳು ತಾವು; ಕೊನೆಯ ವರ್ಷದ ವಿದ್ಯಾರ್ಥಿನಿ ನಾನು. ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ನನ್ನ ಕೋಣೆಯ ಗೆಳತಿಯ ಅಪ್ಪನನ್ನು ನಾನು ಕದ್ದೆ, ತಾವು ಆ ಕಳ್ಳಮಾಲಿಗೆ ಮೆರುಗು ಕೊಟ್ಟಿರಿ. ಇದನ್ನು ತಮ್ಮ ಕೋಣೆಯಲ್ಲೇ ಹೇಳಲು ಬಂದಿದ್ದೆ. ಸಂದರ್ಶನ ಮುಗಿದವರು ಬರಬೇಕಾಗಿಲ್ಲ ಎಂದು ಬಾಗಿಲಿನಿಂದಲೇ ಕಳಿಸಿದಿರಿ. ಹಾಗಾಗಿ ಊಟದ ಕೋಣೆಯ ಫಲಕಕ್ಕೆ ಅಂಟಿಸುತ್ತಿದ್ದೇನೆ. ಓದಿದವರು ಮೊದಲು ನನ್ನನ್ನು ಬೈಯಲಿ, ಆಮೇಲೆ ತಮ್ಮ ಸರದಿ.

ತಯಾರಿಗೆಂದು ತಾವು ನಡೆಸುವ ಅಣಕು ಸಂದರ್ಶನಕ್ಕೆ ಬರುವವರೆಲ್ಲ ಒಂದೊಂದು ಕಷ್ಟ ತರಬೇಕೆಂಬುದು ತಮ್ಮ ನಿಯಮ. ಅಂಕ ಎಲ್ಲರಿಗೂ ಇರುತ್ತದೆ, ಸೀಟು ಕೊಡಿಸುವುದು ಕಷ್ಟವೇ ಎನ್ನುತ್ತೀರಿ. ಅಣಕು ಸಂದರ್ಶನದ ವಾರ ನಮ್ಮ ಹಾಸ್ಟೆಲನ್ನು ನೋಡಬೇಕು! ಸತ್ತ ಅಜ್ಜಿಯರಿಗೆ ಎಲ್ಲಿಲ್ಲದ ಬೇಡಿಕೆ. ಅಜ್ಜಿ ಬದುಕಿರುವವರ ಮುಖವೆಲ್ಲ ಸಪ್ಪೆ. ನನ್ನ ಇಬ್ಬರು ಅಜ್ಜಿಯರೂ ಗುಂಡುಕಲ್ಲಿನ ಹಾಗಿದ್ದಾರೆ. ಅಪ್ಪ ಹಲ್ಲಿನ ಡಾಕ್ಟರು, ಊರವರ ಬಾಯಿಗೆಲ್ಲ ಕೈ ಹಾಕಿ ನಮ್ಮನ್ನು ಸುಖವಾಗಿ ಸಾಕಿದ್ದಾರೆ. ತಾವು ಕನ್ನಡಕ ತೆಗೆದು, "ನಿಂಗೇನೂ ಆಗೇ ಇಲ್ವಲ್ಲಮ್ಮ, ಹೀಗಿದ್ರೆ ಹ್ಯಾಗೆ?" ಎಂದಿರಿ. ಸುಖವಾಗಿದ್ದದ್ದಕ್ಕೆ ಆ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು.

ನನ್ನ ಕೋಣೆಯ ಗೆಳತಿಯನ್ನು ನಾವೆಲ್ಲ ಗುಬ್ಬಿ ಎನ್ನುತ್ತೇವೆ. ಅವಳಪ್ಪ ಬಸ್ ಕಂಡಕ್ಟರ್. ಕಳೆದ ವರ್ಷ ಲಕ್ವ ಹೊಡೆದು ಮಾತು ಹೋಯಿತು. ನೀರು ಬೇಕೆಂದು ಹೇಳಲಾಗದ ಮನುಷ್ಯನ ಬಾಯಲ್ಲಿ ತನ್ನ ಬಸ್ಸಿನ ಸ್ಟಾಪುಗಳು ಮಾತ್ರ ನಿಧಾನವಾಗಿ ಮರಳಿದ್ದವು. ಭಾನುವಾರ ಹಾಸ್ಟೆಲಿನ ಫೋನಿನಲ್ಲಿ ಗುಬ್ಬಿ, "ಗಡಿಯಾರ ಕಂಬ ಬಂತು. ಮುಂದೆ ಯಾವ್ದಪ್ಪಾ?" ಎಂದು ಶುರುಮಾಡುತ್ತಿದ್ದಳು. ಆ ಕಡೆಯಿಂದ ಆಸ್ಪತ್ರೆ, ಹಳೇ ಸೇತುವೆ, ಮರದ ಡಿಪೋ ಎಂದು ಒಂದೊಂದೇ ಬರುತ್ತಿದ್ದವು, ಇವಳು ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದಳು. ಅವಳ ಹಿಂದೆ ಸಾಲಿನಲ್ಲಿ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ. ಬೇಗ ಮುಗಿಸಲಿ ಎಂದು ಕಾಲು ಕುಟ್ಟಿದ್ದೂ ಉಂಟು.

ಮುಂದಿನ ಅಣಕು ಸಂದರ್ಶನದಲ್ಲಿ ಇದನ್ನೇ ನನ್ನದೆಂದು ಒಪ್ಪಿಸಿದೆ. ತಮಗೆ ಗೊತ್ತಿರಲಿಲ್ಲವೇ? ಹಿಂದಿನ ತಿಂಗಳಷ್ಟೇ ತಾವು ನನ್ನ ಅಪ್ಪನ ಹತ್ತಿರ ದವಡೆಹಲ್ಲು ತುಂಬಿಸಿಕೊಂಡಿದ್ದಿರಿ; ಸಿಹಿ ಕಡಿಮೆ ಮಾಡಿ ಎಂದು ಅವರು ಉದ್ದದ ಉಪದೇಶ ಕೊಟ್ಟಿದ್ದರು. ಅದೇ ಅಪ್ಪನಿಗೆ ಮಾತು ನಿಂತ ಕಥೆಯನ್ನು ತಾವು ತಲೆದೂಗಿ ಕೇಳಿದಿರಿ! "ಕೊನೇ ಸ್ಟಾಪಿಗೆ ಮುಂಚೆ ಸ್ವಲ್ಪ ತಡಿ, ಕೇಳೋರ ಕಣ್ಣು ತುಂಬ್ಲಿ" ಎಂದು ತಿದ್ದಿದಿರಿ. ನಿಜವಾದ ಸಂದರ್ಶನದಲ್ಲಿ ಹಾಗೇ ತಡೆದೆ. ಸಂದರ್ಶಕರ ಕಣ್ಣು ತುಂಬಿತು, ನನಗೆ ಸೀಟು ಸಿಕ್ಕಿತು.

ಆಮೇಲೆ ತಮ್ಮ ಮುಂದೆ ಗುಬ್ಬಿಯ ಸರದಿ. ಅವಳು ತನ್ನ ಅಪ್ಪನ ಕಥೆಯನ್ನೇ ತಂದಳು. ಈ ಕಥೆ ಆಗಲೇ ಹೋಗಿದೆ, ಒಂದೇ ಶಾಲೆಯಿಂದ ಇದೇ ಕಥೆ ಮತ್ತೆ ಬಂದರೆ ಅನುಮಾನ ಪಡುತ್ತಾರೆ, ಬೇರೆ ತಾ ಎಂದು ಕಳಿಸಿದಿರಿ. ಯಾರದು ಹೋಯಿತೆಂದು ಅವಳು ಕೇಳಲೂ ಇಲ್ಲ. ಕೋಣೆಗೆ ಬಂದು ಮಂಚದ ಮೇಲೆ ಕೂತು, "ನಂಗೆ ಬೇರೆ ಕಷ್ಟ ಏನಿದೆ ಅಂತ ತೋಚ್ತಾನೇ ಇಲ್ಲ ಕಣೇ. ನೀನೊಂದು ಹುಡುಕ್ಕೊಡ್ತೀಯಾ?" ಎಂದಳು. ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿಬಿಟ್ಟೆ.

ಅವಳು ಜಗಳವಾಡಲಿಲ್ಲ. ಸ್ಟಾಪುಗಳನ್ನೆಲ್ಲ ಸರಿಯಾಗಿ ಹೇಳಿದೆಯಾ ಎಂದು ಕೇಳಿದಳು. ಹೇಳಿ ತೋರಿಸಿದೆ. ತಲೆ ತಗ್ಗಿಸಿ ಕೇಳುತ್ತಿದ್ದವಳು ನಡುವೆ ತಡೆದಳು.

"ಸ್ಕೂಲ್ ಸ್ಟಾಪ್ ಬಿಟ್ಟೆ. ಅಪ್ಪ ನನ್ನ ಇಳಿಸ್ತಿದ್ದಿದ್ದು ಅಲ್ಲೇ. ಅದು ಬಾಯಿಗೆ ಬರೋಕೆ ಅವ್ರಿಗೆ ಆರು ತಿಂಗಳು ಹಿಡೀತು."

ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಅವಳ ಮುಖ ನೋಡಲು ನನ್ನಿಂದಾಗುತ್ತಿಲ್ಲ. ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಜನ್ಮವಿಡೀ ಎಲ್ಲರಿಗೂ ಬಾಯಿ ತೆಗೀರಿ ಎಂದವರು ನನಗೆ ಬಾಯಿ ಮುಚ್ಚಿಕೊಂಡಿರು ಎಂದರು.

ಮುಚ್ಚಿಕೊಳ್ಳಲಾರೆ. ಸೋಮವಾರ ಗುಬ್ಬಿಯ ಸಂದರ್ಶನ. ಅದಕ್ಕೆ ಮುಂಚೆ ತಾವು ಅವಳನ್ನು ಕರೆದು, ನಿನ್ನ ಅಪ್ಪ ನಿನ್ನವರೇ, ಅವರ ಬಗ್ಗೆ ಧಾರಾಳವಾಗಿ ಮಾತಾಡು ಎಂದು ಹೇಳಬೇಕು. ಮೊದಲು ಹೇಳಿದವಳು ಸುಳ್ಳಿ ಎಂದು ವಿಶ್ವವಿದ್ಯಾಲಯಕ್ಕೂ ತಿಳಿಸಬೇಕು. ನನ್ನ ಪಾಲಿನದನ್ನು ನಾನು ಬೆಳಿಗ್ಗೆಯೇ ಬರೆದು ಕಳಿಸಿದ್ದೇನೆ; ಸೀಟು ಹೋದರೆ ಹೋಗಲಿ. ಆದರೆ ನನ್ನೊಬ್ಬಳ ಮಾತನ್ನು ಮತ್ತೆ ನಂಬುವಷ್ಟು ದಡ್ಡರು ಅಲ್ಲಿಲ್ಲ. ತಮ್ಮ ಸಹಿಯೂ ಬೇಕು.

ಇಂತಿ,
ಕೊನೆಗೂ ಸ್ವಂತದ್ದೊಂದು ಕಷ್ಟ ಸಂಪಾದಿಸಿಕೊಂಡ
ತಮ್ಮ ವಿದ್ಯಾರ್ಥಿನಿ